ಸೆಲ್ಲರಿನ ಸಂಡಾಸಕ್ಕೆ ತೆಂಗಿನಕಾಯಿ

ಕಾರಹುಣ್ಣಿಮೆ ಮುಗಿದ ಸೋಮವಾರ ನಮ್ಮ ಬೀಗರು ಸಂಡಾಸಕ್ಕೆ ಕಾಯಿ ಒಡೆದರು.

ನಾನು ಸುಳ್ಳು ಬರೆಯುವವಳಲ್ಲ, ನಿಮಗೆ ಗೊತ್ತು. ಹೊಸ ಬಿಳಿ ಕಮೋಡು. ಅದರ ಕೊರಳಿಗೆ ಚೆಂಡುಹೂವಿನ ಮಾಲೆ. (ಕಮೋಡಿಗೆ ಕೊರಳು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಬೀಗರು ಹುಡುಕಿದರು.) ಪಕ್ಕದಲ್ಲಿ ಒಂದು ಮೋಟಾರು, ಅದಕ್ಕೂ ಮಾಲೆ. ಊದಿನಕಡ್ಡಿ ಚುಚ್ಚಲು ಬಾಳೆಹಣ್ಣು. ವಿಭೂತಿಯನ್ನು ಮಾತ್ರ ಮೋಟಾರಿಗಷ್ಟೇ ಹಚ್ಚಿ ಕೈ ತಡೆದರು. ಅಷ್ಟಾದರೂ ತಿಳಿವಳಿಕೆ ಇತ್ತು.

ನಾನು ಬೋರ್‌ವೆಲ್ ಪೂಜೆ ನೋಡಿದ್ದೇನೆ. ಟ್ರ್ಯಾಕ್ಟರ್ ಪೂಜೆ ನೋಡಿದ್ದೇನೆ. ಸೊಸೆ ತನ್ನ ಮಿಕ್ಸಿಗೆ ಕುಂಕುಮ ಹಚ್ಚುವುದನ್ನೂ ನೋಡಿದ್ದೇನೆ. ಬೆನ್ನು ತೋರಿಸಿ ಕೂರಬೇಕಾದದ್ದರ ಮುಂದೆ ಕೈಮುಗಿದು ನಿಂತದ್ದು ಇದೇ ಮೊದಲು.

ಇದೆಲ್ಲ ಶುರುವಾದದ್ದು ಒಂದು ಲೋಟ ನೀರಿನಿಂದ.

ನಾನು ಮಗ್ಗದವಳು. ಇಳಕಲ್ಲಿನಲ್ಲಿ ಹುಟ್ಟಿದೆ, ಇಳಕಲ್ಲಿನಲ್ಲೇ ಎರಡು ಓಣಿ ದಾಟಿ ಗಂಡನ ಮನೆಗೆ ಬಂದೆ. ಮೂರನೇ ಇಯತ್ತೆಗೆ ಸಾಲೆ ಬಿಡಿಸಿ ಕೈಗೆ ಲಾಳಿ ಕೊಟ್ಟರು. ಅವತ್ತು ಹಿಡಿದದ್ದು ಇನ್ನೂ ಕೆಳಗಿಟ್ಟಿಲ್ಲ. ನಮ್ಮದು ಕುಣಿಮಗ್ಗ. ನೆಲದಲ್ಲಿ ಒಂದು ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೇ ಕೂತು ಸೀರೆ ನೇಯುವುದು.

ಮಗ ಮಹಾಂತೇಶ ಹಳೆ ಮನೆ ಕೆಡವಿ ಹೊಸದು ಕಟ್ಟಿಸಿದ. ಜಾಗ ಇಳಿಜಾರು, ಹಾಗಾಗಿ ರಸ್ತೆಗಿಂತ ಕೆಳಗೆ ಒಂದು ದೊಡ್ಡ ಸೆಲ್ಲರ್ ಬಂತು. ಎಲ್ಲರೂ ಮೇಲೆ ಹೋದರು. ಮಗ್ಗ ಮೇಲೆ ಹೋಗುವಂತಿಲ್ಲ. ಸ್ಲ್ಯಾಬಿನಲ್ಲಿ ಕುಣಿ ತೋಡಿದರೆ ನನ್ನ ಕಾಲು ಕೆಳಗಿನವರ ತಲೆಯ ಮೇಲೆ ಇಳಿಯುತ್ತವೆ. ಮಗ್ಗ ಸೆಲ್ಲರಿನಲ್ಲಿ ಉಳಿಯಿತು, ಮಗ್ಗದ ಜೊತೆ ನಾನು.

ಮೇಲೆ ಮೂರು ಸಂಡಾಸ. ಮಗ ಸೊಸೆಗೆ ಒಂದು, ಮೊಮ್ಮಗಳಿಗೆ ಒಂದು, ಬಂದುಹೋಗುವವರಿಗೆ ಒಂದು. ಅಟ್ಯಾಚ್ಡ್ ಅನ್ನುತ್ತಾರೆ. (ನಾವು ಚಿಕ್ಕವರಿದ್ದಾಗ ಅದಕ್ಕಾಗಿ ಚರಗಿ ಹಿಡಿದು ಊರು ದಾಟಿ ಹೋಗುತ್ತಿದ್ದೆವು. ಈಗ ಹಾಸಿಗೆಗೇ ಅಂಟಿಸಿಕೊಂಡಿದ್ದಾರೆ.) ಸೆಲ್ಲರಿನ ನಕ್ಷೆಯಲ್ಲಿ ಕಾರಿಗೆ ಜಾಗ ಇತ್ತು, ಸ್ಕೂಟರಿಗೆ ಜಾಗ ಇತ್ತು, ಜೋಳದ ಚೀಲಕ್ಕೆ ಜಾಗ ಇತ್ತು. ಅಲ್ಲಿ ಕೂತು ದುಡಿಯುವವಳ ಹೊಟ್ಟೆಯ ಕೆಳಗೂ ಒಂದು ಚೀಲ ಇದೆ, ಅದು ತುಂಬುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನಕ್ಷೆ ಬರೆಯುವಾಗ ಕಾರು ಇನ್ನೂ ಕೊಂಡಿರಲೇ ಇಲ್ಲ.

ಮೊದಮೊದಲು ಹತ್ತಿ ಇಳಿದೆ. ಆಮೇಲೆ ಮೊಣಕಾಲು ತಕರಾರು ತೆಗೆಯಿತು. ಕುಣಿಯಿಂದ ಕಾಲು ಎತ್ತಿ, ಗೋಡೆ ಹಿಡಿದು ಎದ್ದು, ತಿರುವಿನ ಮೆಟ್ಟಿಲು ಹತ್ತಿ, ಹೋಗಿ, ಇಳಿದು, ಮತ್ತೆ ಕುಣಿಯಲ್ಲಿ ಕೂರುವಷ್ಟರಲ್ಲಿ ಯಾವ ಬಣ್ಣದ ಎಳೆ ಹಾಕುತ್ತಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ಅದಕ್ಕೆ ಸುಲಭದ ದಾರಿ ಹುಡುಕಿದೆ. ನೀರು ಕುಡಿಯುವುದನ್ನೇ ಬಿಟ್ಟೆ. ಮುಂಜಾನೆ ಒಂದು ಕಪ್ ಚಹಾ, ಮಧ್ಯಾಹ್ನ ರೊಟ್ಟಿ ಗಂಟಲು ಇಳಿಯುವಷ್ಟು ನೀರು. ಒಳಗೆ ಹೋಗದಿದ್ದರೆ ಹೊರಗೆ ಬರುವುದಾದರೂ ಏನು?

ಈ ಬೇಸಿಗೆಯಲ್ಲಿ ಉರಿ ಶುರುವಾಯಿತು. (ಎಲ್ಲಿ ಎಂದು ಬರೆಯಬೇಕೇ? ಹೆಂಗಸರಿಗೆ ಗೊತ್ತಾಯಿತು. ಗಂಡಸರು ಮುಂದಿನ ಸಾಲಿಗೆ ಹೋಗಿ.) ಮಗ ಕರೆದೊಯ್ದ ದವಾಖಾನೆಯಲ್ಲಿ ಇದ್ದದ್ದು ಸಣ್ಣ ವಯಸ್ಸಿನ ಡಾಕ್ಟರಮ್ಮ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆ. ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟಳು. ನನ್ನ ಮುಖ ನೋಡಲಿಲ್ಲ, ಮಗನ ಮುಖ ನೋಡಿದಳು. ಗಂಟೆಗೊಂದು ಲೋಟ ಕುಡಿಯದಿದ್ದರೆ ಕಿಡ್ನಿ ಕೆಡುತ್ತದೆ ಎಂದು ಅವನಿಗೇ ಬೈದು ಕಳಿಸಿದಳು.

ಕಾರಿನಲ್ಲಿ ಕೂತ ಮೇಲೆ ಮಹಾಂತೇಶ ತೀರ್ಪು ಕೊಟ್ಟ.

"ಯವ್ವಾ, ಮಗ್ಗ ಬಿಚ್ಚಿಬಿಡೂಣು. ಮ್ಯಾಲ ಬಾ, ಟಿವಿ ನೋಡು, ನೀರು ಕುಡಿ, ಬಾಜೂಕ ಸಂಡಾಸ ಐತಿ. ಇನ್ನೇನ ಬೇಕ ನಿನಗ?"

ಅವನು ಕೆಟ್ಟವನಲ್ಲ. ಮಗ್ಗ ತನ್ನ ಜಾಗ ಹಿಡಿದದ್ದರಿಂದ ಬಿಸಿಲಿನಲ್ಲಿ ನಿಂತು ಬಣ್ಣ ಕಳೆದುಕೊಳ್ಳುತ್ತಿದ್ದ ಕಾರಿನ ಮೇಲೂ ಅವನಿಗೆ ಪ್ರೀತಿ, ನನ್ನ ಮೇಲೂ ಪ್ರೀತಿ. ಮಗ್ಗ ಹೋದರೆ ಇಬ್ಬರಿಗೂ ಒಳ್ಳೆಯದಾಗುತ್ತದೆ ಎಂದು ಲೆಕ್ಕ ಹಾಕಿದ್ದ. ಸಿಟ್ಟಿನಿಂದ ಮಗ್ಗ ಬಿಚ್ಚುವವನ ಜೊತೆ ಜಗಳ ಆಡಬಹುದು. ಪ್ರೀತಿಯಿಂದ ಬಿಚ್ಚುವವನ ಜೊತೆ ಹೇಗೆ ಆಡುವುದು?

"ಕೆಳಗ ಒಂದು ಸಂಡಾಸ ಕಟ್ಟಸು," ಅಂದೆ. "ನಾಗರ ಪಂಚಮಿ ತನಕಾ ಆಗಲಿಲ್ಲಂದ್ರ ಮಗ್ಗ ಬಿಚ್ಚು. ನಾ ಒಂದು ಮಾತೂ ಆಡೂದಿಲ್ಲ."

ಅವನು ಒಪ್ಪಿದ. ಒಂದು ಸಂಡಾಸ ಕಟ್ಟುವುದು ಎಷ್ಟರ ಕೆಲಸ ಎಂದು ನಾನು ಧೈರ್ಯದಲ್ಲಿದ್ದೆ. ಎಷ್ಟರ ಕೆಲಸ ಎಂದು ಅವನಿಗೆ ಆಗಲೇ ಗೊತ್ತಿತ್ತೋ ಏನೋ, ಬಹಳ ಬೇಗ ಒಪ್ಪಿದ.

ಎಂಜಿನಿಯರ್ ಬಂದ. ಮಗನ ಗೆಳೆಯ, ಈ ಮನೆಯ ನಕ್ಷೆ ಬರೆದವನೇ. ಸೆಲ್ಲರಿಗೊಮ್ಮೆ ಇಳಿದ, ಹಿತ್ತಲಿಗೊಮ್ಮೆ ಹೋದ, ಮತ್ತೆ ಇಳಿದ. ಆಮೇಲೆ ನನ್ನನ್ನು ಗೋಡೆಗೆ ನಿಲ್ಲಿಸಿ ಎದೆಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಹೊಡೆದ.

"ಆಯಿ, ಹಿತ್ತಲದಾಗಿನ ಸೆಪ್ಟಿಕ್ ಟ್ಯಾಂಕಿನ ಬಾಯಿ ಈ ಗೆರಿ ಮಟ್ಟಕ್ಕ ಐತಿ ನೋಡ್ರಿ. ಟ್ಯಾಂಕ್ ಮ್ಯಾಲ, ನೀವು ಕೆಳಗ. ಹ್ಯಾಂಗ ಹರೀತದ ಹೇಳ್ರಿ?"

ಹಾಗಾದರೆ ಇನ್ನೂ ಆಳದಲ್ಲಿ ಇನ್ನೊಂದು ಟ್ಯಾಂಕು ತೋಡಿ ಅಂದೆ. ಕೆಳಗೆ ಬಂಡೆ. ನಮ್ಮ ಊರಿನ ಕೆಂಪು ಕಲ್ಲನ್ನು ಊರೂರಿನ ಸಾವ್ಕಾರರು ನೆಲಕ್ಕೆ ಹಾಸಿಕೊಂಡು ಮೆರೆಯುತ್ತಾರೆ. ನಮಗೆ ಅದು ಬೇಡವೆಂದರೂ ನೆಲದ ಕೆಳಗೇ ಕೂತಿದೆ. ತೋಡಬೇಕೆಂದರೆ ಮದ್ದಿಡಬೇಕು, ಮದ್ದಿಟ್ಟರೆ ಪಕ್ಕದ ಮನೆಯವರ ಗೋಡೆಯೂ ನಮ್ಮ ಹಿತ್ತಲಿಗೆ ಬರುತ್ತದೆ. ನನ್ನ ಮಗ್ಗದ ಕುಣಿಗೇ ಉಳಿ ಹಿಡಿದು ಕೆತ್ತಿದ್ದರು.

ವಿಚಾರ ಮಾಡಿ. ಒಂದೇ ಮನೆ, ಒಂದೇ ಜೋಳದ ರೊಟ್ಟಿ. ಸೊಸೆಯದು ತಾನಾಗಿ ಇಳಿದು ಹೋಗುತ್ತದೆ. ನನ್ನದು ಮಾತ್ರ ಹತ್ತಿ ಹೋಗಬೇಕು.

ಈ ಹೊತ್ತಿಗೆ ಬೀಗರ ಪ್ರವೇಶ. ಸೊಸೆ ಶೋಭಾಳ ತಂದೆ, ಮರೋಳದ ಶಿವಬಸಪ್ಪನವರು. ಹೊಳೆಯ ನೀರನ್ನು ಮೇಲಿನ ಹೊಲಗಳಿಗೆ ಎತ್ತುವ ಏತ ನೀರಾವರಿಯ ಪಂಪಿನ ಮನೆಯಲ್ಲಿ ದುಡಿದು ರಿಟೈರ್ ಆದವರು. ಮೇಲಕ್ಕೆ ಹತ್ತಿಸಬೇಕು ಎಂಬ ಮಾತು ಮಗಳ ಬಾಯಿಂದ ಫೋನಿನಲ್ಲಿ ಕೇಳಿದ್ದೇ ತಡ, ಹೊಲದ ಹಳೆಯ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಿಳಿದರು. ರಿಟೈರ್ ಆದ ಮೇಲೆ ಅವರ ಮುಖದಲ್ಲಿ ಅಷ್ಟು ಕಳೆ ನಾನು ನೋಡಿರಲಿಲ್ಲ.

"ಬೀಗತ್ಯಾರ, ನಾವು ಹೊಳೀನ ದಿಬ್ಬಕ್ಕ ಹತ್ತಿಸಿದೋರು. ನಿಮ್ಮದೇನ್ರಿ, ಒಂದು ಚರಗಿ."

"ಕರೆಂಟ್ ಹೋದ್ರ?"

"ಬರೂತನಕ ತಡಕೋಬೇಕ್ರಿ."

ಇಷ್ಟು ವರ್ಷ ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಅದಕ್ಕೆ ಮೋಟಾರು ಯಾಕೆ ಬೇಕು?

ಬೀಗರು ಕೇಳಲಿಲ್ಲ. ಸೆಲ್ಲರಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಇಡೀ ಸ್ಕೀಮ್ ಬರೆದರು. ಇಲ್ಲಿ ಜಾಕ್‌ವೆಲ್ ಎಂಬ ಬಾವಿ, ಇಲ್ಲಿ ಪಂಪಿನ ಮನೆ, ಇಲ್ಲಿಂದ ಪೈಪು, ಅಲ್ಲಿ ಡೆಲಿವರಿ. ಕಮೋಡು ಬರುವ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ "ಹೊಳೆ" ಎಂದು ಬರೆದರು. (ಅಳಿಸಲು ಬಿಟ್ಟಿಲ್ಲ. ಬಂದರೆ ತೋರಿಸುತ್ತೇನೆ.) ಪೈಪನ್ನು ನೇರ ಟ್ಯಾಂಕಿಗೆ ಒಯ್ಯಬೇಕೆಂದರೆ ಹಿತ್ತಲಿನ ಹೊಸ ಟೈಲ್ಸ್ ಒಡೆಯಬೇಕು. ಟೈಲ್ಸ್ ಮುಟ್ಟಿದರೆ ನೋಡಿ ಎಂದು ಶೋಭಾ ಅಪ್ಪನಿಗೇ ಗದರಿಸಿದಳು. ಸರಿ, ಮೇಲಿನ ಅವಳ ಬಾತ್‌ರೂಮಿನಿಂದ ಟ್ಯಾಂಕಿಗೆ ಇಳಿಯುವ ಪೈಪಿಗೇ ನಮ್ಮದನ್ನೂ ಕೂಡಿಸಿದರು. ಕಾಲುವೆಗೆ ಕಾಲುವೆ ಕೂಡಿಸಿದಂತೆ ಎಂದರು ಬೀಗರು.

ಇನ್ನು ಮುಹೂರ್ತ. ಹೊಸ ಪಂಪು ಪೂಜೆಯಿಲ್ಲದೆ ಚಾಲೂ ಮಾಡಿದ ಚರಿತ್ರೆ ಬೀಗರಿಗೆ ಇಲ್ಲ. ಅಯ್ಯನವರನ್ನು ಕರೆಸಿದರು. ಅಯ್ಯನವರು ಸೆಲ್ಲರಿಗೆ ಇಳಿದು, ತಲೆ ಎತ್ತಿ, ನೆತ್ತಿಯ ಮೇಲೆ ಏನಿದೆ ಎಂದು ಕೇಳಿದರು. ದೇವರ ಜಗಲಿ ಅಂದೆ. ಮುಖ ಹುಳ್ಳಗೆ ಮಾಡಿದರು. ಮೇಲೆ ದೇವರು, ಅದರ ಬುಡಕ್ಕೆ ಇದು, ಹೊಂದುವುದಿಲ್ಲ ಎಂದರು.

"ಅಯ್ಯನವರ, ದೇವ್ರು ಮ್ಯಾಲ, ನಾವು ಕೆಳಗ. ಮೊದ್ಲಿಂದ ಹಿಂಗ ಐತಲ್ಲೇನ್ರಿ?"

ಅಯ್ಯನವರು ಚಹಾ ಮುಗಿಯುವ ತನಕ ವಿಚಾರ ಮಾಡಿ, ಸೋಮವಾರ ಆದೀತು ಅಂದರು. ಆದರೆ ಕಾಯಿ ಒಡೆಯಲು ತಾವು ಬರುವುದಿಲ್ಲ ಎಂದರು. ಅದಕ್ಕೇ ಬೀಗರೇ ಒಡೆಯಬೇಕಾಯಿತು.

ಒಡೆದರು. ಕಾಯಿಯ ನೀರನ್ನು ಕಮೋಡಿಗೆ ಸುರಿದರು. ಬಾವಿಗೆ ಹಾಕುವ ಹಾಗೆ ಒಂದು ಮುಷ್ಟಿ ಚೆಂಡುಹೂವಿನ ಎಸಳು ಹಾಕಿದರು. ಟ್ರಯಲ್ ನೋಡಲು ಕೊಡಗಟ್ಟಲೆ ಒಳ್ಳೆಯ ನೀರು ಹುಯ್ದರು. (ಒಳ್ಳೆಯ ನೀರು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿದರೆ ನಿಮಗೇ ಸಮಾಧಾನ.) ನಾನು ಆರತಿ ಹಿಡಿದು ನಿಂತಿದ್ದೆ. ಬೀಗರು ಸ್ವಿಚ್ ಒತ್ತಿದರು.

ಹೊಲಕ್ಕೆ ನೀರುಣಿಸುವ ಮೋಟಾರು ಮನೆಯೊಳಗೆ ಕೂಗಿದರೆ ಹೇಗಿರುತ್ತದೆ? ಲೈಟು ಮಂಕಾಯಿತು. ಪೈಪು ಗದಗದ ನಡುಗಿತು. ನನ್ನ ಮಗ್ಗದ ಲಾಳಿ ತಾನಾಗಿ ಜಾರಿ ಕುಣಿಗೆ ಬಿತ್ತು. ಕಮೋಡಿನ ನೀರು ಗಟಗಟ ಖಾಲಿಯಾಯಿತು. ಬೀಗರು ನನ್ನ ಕಡೆ ತಿರುಗಿ, ಮದುವೆಯಲ್ಲಿ ಮಗಳನ್ನು ಒಪ್ಪಿಸಿದ ದಿನಕ್ಕಿಂತ ಹೆಚ್ಚು ತೃಪ್ತಿಯಿಂದ ನಕ್ಕರು.

ಅಷ್ಟರಲ್ಲಿ ಮೇಲಿಂದ ಏನೋ ಬಿದ್ದ ಸಪ್ಪಳ. ಆಮೇಲೆ ಮೆಟ್ಟಿಲ ಮೇಲೆ ಒದ್ದೆ ಕಾಲಿನ ಸಪ್ಪಳ.

ಮಹಾಂತೇಶ ಪೂಜೆಗೆ ಬರುವುದಿಲ್ಲವೆಂದು ಹಟ ಹಿಡಿದು ಮೇಲೆ ಸ್ನಾನಕ್ಕೆ ಹೋಗಿದ್ದ. ಟವೆಲ್ ಸುತ್ತಿಕೊಂಡು ಇಳಿದು ಬಂದ. ಅವನ ಮೊಣಕಾಲಿಗೆ ಒಂದು ಹಳದಿ ಎಸಳು ಅಂಟಿತ್ತು. ಕೂಗಾಡಲಿಲ್ಲ. ಬಹಳ ಸಣ್ಣ ದನಿಯಲ್ಲಿ ಹೇಳಿದ.

"ಯವ್ವಾ, ಕಮೋಡಿನ್ಯಾಗಿಂದ ಹೂ ಬಂದುವು."

ಆಗಿದ್ದು ಇಷ್ಟೆ. ಆ ಮೋಟಾರಿನ ಜೋರಿಗೆ ಟ್ಯಾಂಕಿನ ಬಾಯಿ ಸಾಲದೆ, ನೀರು ದಾರಿ ಸಿಕ್ಕಲ್ಲಿಗೆ, ಅಂದರೆ ಮೇಲಿನ ಬಾತ್‌ರೂಮಿಗೆ, ಕಾರಂಜಿಯಾಗಿ ಏರಿತ್ತು. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ನಮ್ಮ ಬೀಗರು ಅಳಿಯನ ಮೊಣಕಾಲಿನ ಎಸಳನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಅಂದ್ರ ನೀರು ಕಾಲವಿ ಟೇಲ್ ಎಂಡ್ ಮುಟ್ಟೇತಿ."

ಮಾವನಿಗೆ ಮಹಾಂತೇಶ ಬೈಯುವಂತಿಲ್ಲ. ಸಿಟ್ಟೆಲ್ಲ ಮಗ್ಗದ ಮೇಲೆ ತಿರುಗಿತು. ಸಾಕು ಈ ಹುಚ್ಚಾಟ ಎಂದ. ಪಂಚಮಿಯ ಮರುದಿನವೇ ಬಂದು ಮಗ್ಗ ಬಿಚ್ಚು ಎಂದು ಬಡಿಗೇರನಿಗೆ ನನ್ನ ಎದುರಿಗೇ ಫೋನ್ ಮಾಡಿದ. ಮೋಟಾರು ಬಂದ ಆಟೋದಲ್ಲೇ ಬೀಗರ ಜೊತೆ ಮರೋಳಕ್ಕೆ ಹೋಯಿತು.

ನಾನು ಹೋಗಿ ಕುಣಿಯಲ್ಲಿ ಕೂತೆ. ಮಗ್ಗದ ಮೇಲೆ ಅರ್ಧ ಸೀರೆ ಇತ್ತು, ಸೆರಗು ಇನ್ನೂ ಬಂದಿರಲಿಲ್ಲ. ಅಳಲಿಲ್ಲ. ಅತ್ತರೆ ಮತ್ತೆ ನೀರು ಕುಡಿಯಬೇಕು.

ಟಿವಿ ಮುಂದೆ ಕೂತ ನನ್ನ ವಾರಿಗೆಯವರನ್ನು ನೋಡಿದ್ದೇನೆ. ಮೊದಲು ಮಗ್ಗ ಹೋಗುತ್ತದೆ. ಆಮೇಲೆ ಏನು ಅಡಿಗೆ ಮಾಡಲಿ ಎಂದು ಕೇಳುವುದು ನಿಲ್ಲುತ್ತದೆ. ಆಮೇಲೆ ಮಾತ್ರೆ ತೆಗೆದುಕೊಂಡಿರಾ ಎಂದಷ್ಟೇ ಕೇಳುತ್ತಾರೆ. ನನಗೆ ಅದು ಬೇಡ. ನನಗೆ ಬೈಯಲು ಒಂದು ಹರಿದ ಎಳೆಯಾದರೂ ಬೇಕು.

ಎದುರಿನ ಗೋಡೆಯಲ್ಲಿ ಬೀಗರ ಹೊಳೆ. ಅದರ ಮೇಲೆ ಎಂಜಿನಿಯರ್ ಹೊಡೆದ ಪೆನ್ಸಿಲ್ ಗೆರೆ. ಎರಡನ್ನೂ ಎಷ್ಟೋ ಹೊತ್ತು ನೋಡಿದೆ. ಇವರೆಲ್ಲ ಹೊಲಸನ್ನು ಮೇಲಕ್ಕೆ ಹತ್ತಿಸಲು ಹೆಣಗುತ್ತಿದ್ದಾರೆ. ಅದು ಹತ್ತುವುದಿಲ್ಲ ಎಂದರೆ ನಾನೇ ಹತ್ತಿದರಾಯಿತಲ್ಲ?

ಎಂಜಿನಿಯರಿಗೆ ಫೋನ್ ಮಾಡಿಸಿದೆ. ಆ ಗೆರೆಯ ಮಟ್ಟಕ್ಕೆ ಒಂದು ಕಟ್ಟೆ ಕಟ್ಟಿ, ಕಮೋಡನ್ನೇ ಅದರ ಮೇಲೆ ಕೂರಿಸು ಅಂದೆ.

"ಕೂಡಸಬಹುದ್ರಿ ಆಯಿ. ಖರೆ, ನೋಡಿದೋರು ನಗ್ತಾರ."

"ಸಂಡಾಸದಾಗ ಕುಂತಾಗ ನೋಡೋರು ಯಾರೋ ತಮ್ಮಾ?"

ಮರುದಿನವೇ ಅಳತೆಪಟ್ಟಿ ಹಿಡಿದು ಬಂದ. ಟೈಲ್ಸ್ ಒಡೆಯಲು ಈ ಸಲ ಶೋಭಾಳೇ ಮೊದಲು ಒಪ್ಪಿದಳು. ತನ್ನ ಬಾತ್‌ರೂಮಿನಲ್ಲಿ ಹೂವು ಅರಳಿದ್ದನ್ನು ಕಂಡವಳು ಇನ್ನೇನು ಮಾಡಿಯಾಳು? ಪೈಪು ನೇರ ಟ್ಯಾಂಕಿಗೆ ಹೋಯಿತು, ಇಳಿಜಾರಿನಲ್ಲಿ, ಮೋಟಾರಿಲ್ಲದೆ.

ಗುಡೂರಿನ ಗೌಂಡಿ ಬಂದು ಕಟ್ಟೆ ಕಟ್ಟಿದ. ಮಹಾಂತೇಶ ಬೇಡ ಅನ್ನಲಿಲ್ಲ, ಕೊಟ್ಟ ಮಾತು ಪಂಚಮಿಯ ತನಕ ಇತ್ತು. ಮನೆ ಕಟ್ಟಿ ಉಳಿದಿದ್ದ ಕೆಂಪು ಗ್ರಾನೈಟಿನ ತುಂಡುಗಳನ್ನೆಲ್ಲ ಗೌಂಡಿ ಕಟ್ಟೆಗೇ ಹಾಸಿದ. ನನ್ನ ಮೊಣಕಾಲಿಗೆ ತಕ್ಕಂತೆ ಗಿಡ್ಡ ಗಿಡ್ಡ ಮೆಟ್ಟಿಲು. ಹಿಡಿದು ಹತ್ತಲು ಹಳೆ ಮಗ್ಗದ ದಪ್ಪ ಹಗ್ಗವನ್ನು ಮೊಳೆಗೆ ಕಟ್ಟಿಕೊಂಡೆ. ಪಂಚಮಿಯ ಉಂಡಿ ಕಟ್ಟುವ ದಿನ ಸಂಡಾಸಕ್ಕೆ ಬಾಗಿಲು ಕೂತಿತು.

ಈಗ ಅದು ಹೇಗಿದೆ ಗೊತ್ತೇ? ಬಾಗಿಲು ತೆಗೆದರೆ ಕೆಂಪು ಕಲ್ಲಿನ ಮೆಟ್ಟಿಲ ಸಾಲು, ತುದಿಯಲ್ಲಿ ಬಿಳಿ ಕಮೋಡು, ಮೇಲೆ ಲೈಟು. ನ್ಯಾಯ ಹೇಳಲು ಯಾರೋ ಬಂದು ಕೂರಬೇಕು, ಇನ್ನೂ ಬಂದಿಲ್ಲ, ಅನ್ನುವ ಹಾಗಿದೆ. ಎತ್ತರದವರು ಹತ್ತಿ ನಿಂತರೆ ತಲೆ ಸ್ಲ್ಯಾಬಿಗೆ ಬಡಿಯುತ್ತದೆ. ನಾನು ಗಿಡ್ಡ, ನನಗೆ ಸರಿಯಾಗಿದೆ. ಈ ಮನೆಯಲ್ಲಿ ನನ್ನ ಅಳತೆಗೆ ಕಟ್ಟಿದ್ದು ಅದೊಂದೇ. ಕೂತರೆ ಕಣ್ಣಿನ ಮಟ್ಟಕ್ಕೆ ಒಂದು ಸಣ್ಣ ಕಿಂಡಿ, ಕಿಂಡಿಯಾಚೆ ರಸ್ತೆ. ರಸ್ತೆಯಲ್ಲಿ ಹೋಗುವವರ ಕಾಲು ಮಾತ್ರ ಕಾಣುತ್ತವೆ. ಯಾರ ಚಪ್ಪಲಿ ಸವೆದಿದೆ, ಯಾರ ಸೊಸೆ ಹೊಸ ಕಾಲುಂಗುರ ಹಾಕಿದ್ದಾಳೆ, ಎಲ್ಲ ನನಗೆ ಗೊತ್ತಿದೆ. ಹೇಗೆ ಗೊತ್ತು ಎಂದು ಓಣಿಯವರಿಗೆ ಗೊತ್ತಿಲ್ಲ. (ಇನ್ನು ಮೇಲೆ ಗೊತ್ತಾಗುತ್ತದೆ, ಇದನ್ನು ಓದಿ.)

ಸುದ್ದಿ ಹಬ್ಬಿತು. ಓಣಿಯ ಮಗ್ಗದ ಹೆಂಗಸರು ನಗಲಿಕ್ಕೆಂದೇ ಬಂದರು. ಎದುರುಮನೆಯ ಕಾಶವ್ವ ಬಾಗಿಲಲ್ಲಿ ನಿಂತು, ಇದು ಸಂಡಾಸವೋ ಗದ್ದಿಗೆಯೋ ಎಂದು ಕೇಳಿದಳು. ಹತ್ತಿ ನೋಡು ಅಂದೆ. ಹತ್ತಿದಳು, ಬಾಗಿಲು ಹಾಕಿಕೊಂಡಳು. ಆಮೇಲೆ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ನಗಲು ಬಂದವರು ಸಾಲು ಹಚ್ಚಿದ್ದರು. ಇಳಿದು ಬಂದ ಕಾಶವ್ವ ಮಗ್ಗದ ಪಕ್ಕ ಇಟ್ಟಿದ್ದ ನನ್ನ ನೀರಿನ ಬಾಟಲಿ ಎತ್ತಿ ಗಟಗಟ ಅರ್ಧ ಕುಡಿದು, ಬಾಯಿ ಒರೆಸಿಕೊಂಡಳು.

"ಮುಂಜಾನಿ ಚಾ ಕುಡದ್ರ, ಮಗ್ಗದಿಂದ ಏಳೂತನಕಾ ನಾ ಏನೂ ಕುಡಿಯೂದಿಲ್ಲಬೇ. ನಮ್ಮದೂ ಮ್ಯಾಲೈತಲ್ಲ."

ಉಳಿದವರು ಅವಳ ಮುಖ ನೋಡಲಿಲ್ಲ, ಬಾಟಲಿ ನೋಡಿದರು. ಆ ಬಾಟಲಿ ಕೈಯಿಂದ ಕೈಗೆ ಹೋಗಿ ಖಾಲಿಯಾಗಿ ನನಗೆ ವಾಪಸ್ ಬಂತು.

ಎಷ್ಟು ವರ್ಷದಿಂದ ಒಂದೇ ಓಣಿಯಲ್ಲಿ ಕೂತು ನೇಯುತ್ತಿದ್ದೇವೆ. ಗಂಡನ ಕುಡಿತ, ಸೊಸೆಯ ಸೊಕ್ಕು, ಗರ್ಭಕೋಶ ತೆಗೆಸಿದ್ದು, ಎಲ್ಲ ಮಾತಾಡಿದ್ದೇವೆ. ಬಾಯಾರಿಕೆ ಕಟ್ಟಿಕೊಂಡು ಕೂರುವ ಮಾತು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ. ನಾನೊಬ್ಬಳೇ ಜಾಣೆ, ಸುಲಭದ ದಾರಿ ಹುಡುಕಿದ್ದೇನೆ ಅಂದುಕೊಂಡಿದ್ದೆ. ಇಡೀ ಓಣಿ ಅದೇ ದಾರಿಯಲ್ಲಿ ನಡೆಯುತ್ತಿತ್ತು. ಪ್ರತಿ ಮನೆಯ ನಕ್ಷೆಯಲ್ಲೂ ಗಾಡಿಗೆ ನೆರಳಿದೆ, ನೋಡಿ.

ಪಂಚಮಿಯ ದಿನ ಮಹಾಂತೇಶ ಪರೀಕ್ಷೆ ಮಾಡುತ್ತೇನೆಂದು ಒಳಗೆ ಹೋದ. ತಲೆ ಬಡಿದ ಸಪ್ಪಳ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಒಂದು ಗೇಣು ನೇಯ್ದೆ, ಇನ್ನೊಂದು ಗೇಣು ನೇಯ್ದೆ. ಹೊರಗೆ ಬಂದವನ ಕೈಯಲ್ಲಿ ಮೊಬೈಲು, ಮುಖದಲ್ಲಿ ನೆಮ್ಮದಿ.

"ಯವ್ವಾ, ಒಳಗ ಭಾಳ ತಂಪೈತಿ. ಯಾರ ಕಿರಿಕಿರಿನೂ ಇಲ್ಲ."

ಸೊಸೆಯ ಹೆಸರನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನ ಬಡಿಗೇರ ಬರಲಿಲ್ಲ. ಬೇಡ ಎಂದು ಇವನೇ ಫೋನ್ ಮಾಡಿದ್ದನಂತೆ. ಕಾರು ಈಗಲೂ ಬಿಸಿಲಿನಲ್ಲೇ ಇದೆ. ಮಗ್ಗ ಇದ್ದಲ್ಲೇ ಇದೆ. ಸೀರೆಗೆ ಸೆರಗು ಬಂತು. ಡಾಕ್ಟರಮ್ಮ ಹೇಳಿದಂತೆ ಗಂಟೆಗೊಂದು ಲೋಟ ನೀರು ಕುಡಿಯುತ್ತಿದ್ದೇನೆ, ಉರಿ ಹೋ‌ಗಿದೆ.

ಗೆದ್ದೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮೊನ್ನೆ ಭಾನುವಾರ ಡಾಕ್ಟರ ಮಾತು ಕೇಳಿ ಬಾಟಲಿ ಖಾಲಿ ಮಾಡಿ, ಕುಣಿಯಿಂದೆದ್ದು ಹೋದರೆ ಬಾಗಿಲು ಹಾಕಿದೆ. ಒಳಗೆ ಮಹಾಂತೇಶ, ಮೊಬೈಲ್ ಸಮೇತ. ಹೊರಗೆ ಸ್ಟೂಲಿನ ಮೇಲೆ ಪೇಪರ್ ಹಿಡಿದು ಬೀಗರು. ಸ್ಕೀಮ್ ಇನ್‌ಸ್ಪೆಕ್ಷನ್‌ಗೆಂದು ಮುಂಜಾನೆಯ ಬಸ್ಸಿಗೇ ಮರೋಳದಿಂದ ಬಂದಿದ್ದರು. ಅವರ ಹಿಂದೆ ಗೋಡೆಗೆ ಆತು ಕಾಶವ್ವ. ಕಾಶವ್ವನ ಹಿಂದೆ ಅವಳ ನಾದಿನಿ. ನಾನು ಬಾಗಿಲು ತಟ್ಟಿದೆ. ಒಂದ್ ಮಿನಿಟ್ ಯವ್ವಾ ಎಂದ ಮಗ. ಅವನ ಮಿನಿಟು ಎಷ್ಟು ಉದ್ದ ಎಂದು ಹೆತ್ತವಳಿಗೆ ಗೊತ್ತಿಲ್ಲವೇ? ಬೀಗರು ಪೇಪರಿನಿಂದ ತಲೆ ಎತ್ತಿ, ಪಾಳಿ ಪ್ರಕಾರ ಬರಬೇಕ್ರಿ ಬೀಗತ್ಯಾರ, ಅಂದರು.

ಗೋಡೆ ಹಿಡಿದೆ. ಮೊಣಕಾಲಿನ ಮೇಲೆ ಕೈ ಇಟ್ಟೆ. ತಿರುವಿನ ಮೆಟ್ಟಿಲು ಒಂದೊಂದಾಗಿ ಹತ್ತಿ ಮೇಲೆ ಹೋದೆ. ಮೇಲೆ ಮೂರೂ ಸಂಡಾಸ ಖಾಲಿ ಇದ್ದವು, ಒಣಗಿ, ಫಿನಾಯಿಲ್ ವಾಸನೆ ಹೊಡೆಯುತ್ತ.

ಬೀಗರ ಏತ ನೀರಾವರಿ ಕೊನೆಗೂ ಚಾಲೂ ಆಗಿದೆ. ಮೋಟಾರು ನಾನೇ.